ಗದ್ದದಿಂದ ಬಾಯಿಗೆ ಎರಡು ಬೆರಳು

ಅದು ಮಂಗಳವಾರ. ಬೆಳಗ್ಗೆ ಎಂಟಕ್ಕೆ ಬೆಳ್ಯಪ್ಪ ಚಾವಡಿಯ ಕುರ್ಚಿಯಲ್ಲಿ ಕುಳಿತಿದ್ದ. ಎದುರಿಗೆ ಸ್ಟೂಲು. ಸ್ಟೂಲಿನ ಮೇಲೆ ಅಕ್ಕಿ ಅಳೆಯುವ ಸೇರು, ಸೇರಿಗೆ ಒರಗಿಸಿದ ಮೊಬೈಲು. ಅವನ ಬಲಗೈಯಲ್ಲಿ ಒಂದು ತುತ್ತು ಅನ್ನ.

“ಕೈಯನ್ನು ನಿಧಾನವಾಗಿ ಬಾಯಿಯ ಹತ್ತಿರ ತನ್ನಿ,” ಎಂದಿತು ಮೊಬೈಲು.

“ತರ್ತೇನೆ ಮಾರಾಯ್ತಿ, ನಿನಗೆಂತ ಅವಸರ?” ಎಂದ ಬೆಳ್ಯಪ್ಪ.

ಬಾಗಿಲ ಹತ್ತಿರ ಕುಳಿತಿದ್ದ ಹೆಂಡತಿ ಪೂವಕ್ಕ ನಗಲಿಲ್ಲ. ಅವಳ ಕಣ್ಣು ಆ ಕೈಯ ಮೇಲೆ. ಕೈ ಹೊಟ್ಟೆ ದಾಟಿತು, ಎದೆ ದಾಟಿತು, ಗದ್ದಕ್ಕೆ ಬಂದು ನಿಂತಿತು. ನಡುಗಿತು. ತುತ್ತು ಮಡಿಲಿಗೆ ಬಿತ್ತು.

“ಎರಡು ಬೆರಳು ಬಾಕಿ,” ಎಂದ ಅವನು. “ನಾಳೆ ನೋಡುವ.”

ಪೂವಕ್ಕ ಅನ್ನದ ಅಗುಳು ಹೆಕ್ಕಿದಳು. ಆಮೇಲೆ ದಿನದ ಹಾಗೆ ಅವಳೇ ಉಣ್ಣಿಸಿದಳು. ಮಧ್ಯಾಹ್ನ ಅವನು ಮಲಗಿದ, ಇವಳು ಸೌದೆ ಒಡೆದಳು. ಹೇಳುವಂಥದ್ದು ಬೇರೇನೂ ಆ ದಿನ ನಡೆಯಲಿಲ್ಲ.

ಸಂಪಾಜೆಯ ಸುತ್ತ ಯಾರ ಮನೆಯಲ್ಲಿ ಮದುವೆಯಾದರೂ ಅನ್ನದ ಬುಟ್ಟಿ ಬೆಳ್ಯಪ್ಪನ ಕೈಯಲ್ಲೇ ಇರುತ್ತಿತ್ತು. ಯಾರ ಎಲೆಗೆ ಎಷ್ಟು ಬೇಕೆಂದು ಮುಖ ನೋಡಿ ತಿಳಿಯುತ್ತಿದ್ದ. ಕಡೆಯ ಪಂಕ್ತಿಯಲ್ಲಿ ತಾನೂ ಕುಳಿತು ಗಟ್ಟಿಯಾಗಿ ಉಣ್ಣುತ್ತಿದ್ದ. ಐವತ್ತೆಂಟನೆಯ ವಯಸ್ಸಿಗೆ ಸ್ಟ್ರೋಕ್ ಬಂತು. ಮಾತು ಉಳಿಯಿತು, ಬಲಗೈ ಹೋಯಿತು.

ಪುತ್ತೂರಿನ ಆಸ್ಪತ್ರೆಯಲ್ಲಿ ಚಮಚ ಹಿಡಿಸಿದರು. ಎಡಗೈಯಲ್ಲಿ ತಿನ್ನಿ ಎಂದರು.

“ಎಡಗೈಯಲ್ಲಿ ಉಣ್ಣುದಾ? ಅದಕ್ಕಿಂತ ಉಪವಾಸ ಬಿದ್ದುಕೊಳ್ಳುದು ಒಳ್ಳೇದು.”

ಮನೆಗೆ ಬಂದ ಮೇಲೂ ಅದೇ ಹಟ. ಯಾರಾದರೂ ಬಂದರೆ ಉಂಡಾಯಿತು ಎನ್ನುತ್ತಿದ್ದ. ಅವರು ಗೇಟು ದಾಟಿದ ಮೇಲೆ ಪೂವಕ್ಕ ತುತ್ತು ಕೊಡಬೇಕು. ಕಡಬದಲ್ಲಿ ಅವನ ತಂಗಿಯ ಮಗಳು ಸುಪ್ರಿತಾಳ ಮದುವೆ ಗೊತ್ತಾಗಿತ್ತು. ಅಷ್ಟರೊಳಗೆ ಪಂಕ್ತಿಯಲ್ಲಿ ಕುಳಿತು ಬಲಗೈಯಲ್ಲಿ ಉಣ್ಣಬೇಕು. ಅವನಿಗೆ ಬೇಕಾದದ್ದು ಅಷ್ಟೇ. ಅವಳಿಗೂ ಅಷ್ಟೇ.

ವಾರಕ್ಕೆ ಮೂರು ಸಲ ಪುತ್ತೂರಿಗೆ ಹೋಗುವುದು ನಡೆಯುವ ಮಾತಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಯಶ್ಮಿತಾ ಎಂಬ ಹುಡುಗಿ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಎದುರು ಕುಳಿತರೆ ಅದು ಪರದೆಯಲ್ಲಿ ಮೈಮೇಲೆ ಹಸಿರು ಗೆರೆ ಎಳೆಯುತ್ತದೆ. ಹೆಗಲು, ಮೊಣಕೈ, ಮಣಿಕಟ್ಟು ಎಲ್ಲ ಗುರುತಿಸುತ್ತದೆ. ಕೈ ಸರಿಯಾಗಿ ಎತ್ತಿದರೆ ಎಣಿಸುತ್ತದೆ, ಶಾಭಾಸ್ ಎನ್ನುತ್ತದೆ. ಆ ಲೆಕ್ಕ ಪುತ್ತೂರಿಗೆ ಹೋಗುತ್ತದೆ. ವಾರಕ್ಕೊಮ್ಮೆ ಯಶ್ಮಿತಾ ವಿಡಿಯೋದಲ್ಲಿ ನೋಡುತ್ತಾಳೆ.

“ಒಳಗೆ ಮನುಷ್ಯರು ಕೂತುಕೊಂಡು ಎಣಿಸುದಲ್ಲ ಅಕ್ಕ, ಎಐ ಎಣಿಸುದು,” ಎಂದಿದ್ದಳು. ಪೂವಕ್ಕ ತಲೆ ಆಡಿಸಿದ್ದಳು. ಯಾರು ಎಣಿಸಿದರೇನು, ಎಣಿಸಿದರೆ ಸಾಕು.

ನೆರೆಮನೆಯ ಜೀಪು ಡ್ರೈವರ್ ರವೂಫ್ ಬಂದವನು ನೋಡಿ ನಕ್ಕ. “ಬೆಳ್ಯಪ್ಪಣ್ಣ, ಮೊಬೈಲಿನವಳು ಹೇಳಿದ್ರೆ ಕೇಳ್ತೀರಿ, ಅಕ್ಕ ಹೇಳಿದ್ರೆ ಕೇಳುದಿಲ್ಲ!”

“ಅಕ್ಕ ಶಾಭಾಸ್ ಹೇಳುದಿಲ್ಲ ಮಾರಾಯ.”

ಕೈಯನ್ನು ಮಡಿಲಿನಿಂದ ಹೊಟ್ಟೆಯವರೆಗೆ ಮೂವತ್ತು ಸಲ ಎತ್ತಬೇಕು. ಅವನಿಗೆ ಆರಕ್ಕೇ ಸುಸ್ತು. ಒಂದು ದಿನ ಪೂವಕ್ಕ ಅವನ ಹಿಂದೆ ನಿಂತು, ಹೀಗೆ ಎತ್ತಿ ಎಂದು ತನ್ನ ಕೈ ಎತ್ತಿ ತೋರಿಸಿದಳು. ಹಸಿರು ಗೆರೆ ಅವನನ್ನು ಬಿಟ್ಟು ಇವಳ ಮೈಗೆ ಹಾರಿತು. ಏಳು ಎಂದಿತು. ಇನ್ನೊಮ್ಮೆ ಎತ್ತಿದಳು. ಎಂಟು.

ಬೆಳ್ಯಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನಕ್ಕ. “ಮುಯ್ಯಾಳಿಗೆ ನೀನು ಬಂದೆಯಾ? ಎತ್ತು, ಎತ್ತು.”

ಆ ಕಡೆಯಲ್ಲಿ ಮುಯ್ಯಾಳು ಎಂದರೆ ಇಂದು ನಾವು ನಿಮ್ಮ ಕೆಲಸಕ್ಕೆ, ನಾಳೆ ನೀವು ನಮ್ಮ ಕೆಲಸಕ್ಕೆ. ಗಂಡನಿಗೆ ಜ್ವರ ಬಂದರೆ ಹೆಂಡತಿ ಹೋಗುತ್ತಾಳೆ. ಆಳಿನ ಲೆಕ್ಕ ಮನೆಗೆ, ಮೈಗೆ ಅಲ್ಲ. ಇಬ್ಬರೂ ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಮೋಸ ಎಂದು ಇಬ್ಬರಿಗೂ ಅನ್ನಿಸಲಿಲ್ಲ. ಅವನು ಆರು ಎತ್ತಿದರೆ ಉಳಿದ ಇಪ್ಪತ್ತನಾಲ್ಕು ಇವಳು. ಅವನು ಎರಡು ಎತ್ತಿದ ದಿನ ಇವಳು ಇಪ್ಪತ್ತೆಂಟು. ಆ ತಿಂಗಳು ಟವರ್ ಸರಿ ಇರಲಿಲ್ಲ. ವಿಡಿಯೋ ಸಿಗಲಿಲ್ಲ, ಲೆಕ್ಕ ಮಾತ್ರ ಹೇಗೋ ಪುತ್ತೂರಿಗೆ ಹೋಗುತ್ತಿತ್ತು.

ಇಪ್ಪತ್ತೆರಡು ದಿನ ಹಾಗೆ ನಡೆಯಿತು. ಕಡೆಗೆ ವಿಡಿಯೋ ಸಿಕ್ಕಿದಾಗ ಯಶ್ಮಿತಾ ಖುಷಿಯಲ್ಲಿದ್ದಳು.

“ಭಾರೀ ಲಾಯ್ಕ ಉಂಟು ಬೆಳ್ಯಪ್ಪಣ್ಣ. ದಿನಾ ಮೂವತ್ತು! ಇವತ್ತು ಒಂದು ತುತ್ತು ಅನ್ನ ಬಾಯಿಗೆ ಇಟ್ಟು ತೋರಿಸಿ ನೋಡುವ.”

ಅವನ ಕೈ ಹೊಟ್ಟೆಯಿಂದ ಮೇಲೆ ಏಳಲಿಲ್ಲ.

“ಎಂತಾಯ್ತು?”

ಪೂವಕ್ಕ ಮುಚ್ಚಿಡಲಿಲ್ಲ. “ಅರ್ಧಕ್ಕಿಂತ ಹೆಚ್ಚು ನಾನು ಎತ್ತಿದ್ದು.”

ಯಶ್ಮಿತಾ ಹೇಳಿದಳು, “ಅಕ್ಕ, ಅವರೇ ಕೈ ಎತ್ತದಿದ್ರೆ ಅವರ ತಲೆಗೆ ಗೊತ್ತಾಗುದು ಹೇಗೆ? ಕೈ ಏಳುದಿಲ್ಲ ಅಂತ ಲೆಕ್ಕದಲ್ಲಿ ಕಂಡಿದ್ರೆ ನಾನು ಅವತ್ತೇ ಬೇರೆ ವ್ಯಾಯಾಮ ಕೊಡ್ತಿದ್ದೆ. ಈಗ ಮೂರು ವಾರ ಹೋಯ್ತಲ್ಲ.”

ಬೆಳ್ಯಪ್ಪ ಹೇಳಿದ, “ಅವಳನ್ನು ಬೈಬೇಡಿ ಡಾಕ್ಟ್ರಮ್ಮ. ಎತ್ತು ಅಂತ ಹೇಳಿದ್ದು ನಾನು.”

“ಇಬ್ಬರನ್ನೂ ಬೈಯುದು ನಾನು,” ಎಂದಳು ಅವಳು.

ಅಂದೇ ಕುರ್ಚಿಯ ಜಾಗ ನಿಶ್ಚಯವಾಯಿತು. ಮೊಬೈಲಿಗೆ ಅವನೊಬ್ಬನೇ ಕಾಣಬೇಕು. ಕುರ್ಚಿಯ ನಾಲ್ಕು ಕಾಲಿಗೆ ನಾಲ್ಕು ಗುರುತು. ಐದನೆಯ ಗುರುತು ಬಾಗಿಲ ಹತ್ತಿರ. ಪೂವಕ್ಕ ಅಲ್ಲಿಂದ ಏಳಬಾರದು. ಎಲೆಡಬ್ಬಿಯ ಸುಣ್ಣ ಬೆರಳಿಗೆ ತೆಗೆದು ಅವಳೇ ಹಾಕಿದಳು. ದಿನಾ ನೆಲ ಒರೆಸಿದಾಗ ಅಳಿಸಿಹೋಗುತ್ತಿತ್ತು. ದಿನಾ ಹಾಕುತ್ತಿದ್ದಳು.

ಯಶ್ಮಿತಾ ಹತ್ತು ಸಲದ ಹೊಸ ವ್ಯಾಯಾಮ ಕೊಟ್ಟಳು. ಮೊದಲ ದಿನ ಒಂದು, ಆಮೇಲೆ ಎರಡು. ಒಂದು ವಾರಕ್ಕೆ ಕೈ ಎದೆಗೆ ಬಂತು. ಐದು ವಾರಕ್ಕೆ ಗದ್ದಕ್ಕೆ ಬಂತು. ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಅದು ಆ ಮಂಗಳವಾರ.

ಬುಧವಾರ ಬೆಳಗ್ಗೆ ಅವನು ಏಳಲಿಲ್ಲ. ಎರಡನೆಯ ಸ್ಟ್ರೋಕ್. ರವೂಫ್‌ನ ಜೀಪು ಸುಳ್ಯ ಮುಟ್ಟುವುದರೊಳಗೆ ಮುಗಿಯಿತು. ಎಂಟಕ್ಕೆ ವಾಪಸು ತಂದು ಚಾವಡಿಯಲ್ಲಿ ಮಲಗಿಸುವಾಗ ಸ್ಟೂಲಿನ ಮೇಲಿನ ಮೊಬೈಲು ಮಾತಾಡಿತು: “ಬೆಳ್ಯಪ್ಪ ಅವರೇ, ವ್ಯಾಯಾಮದ ಸಮಯ.” ಅಳುತ್ತಿದ್ದವರು ತಿರುಗಿ ನೋಡಿದರು. ಅದನ್ನು ನಿಲ್ಲಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ರವೂಫ್ ಅದನ್ನು ಸೇರಿನೊಳಗೆ ಹಾಕಿ ಮೇಲೆ ತನ್ನ ಹೆಗಲ ಬೈರಾಸು ಮುಚ್ಚಿದ.

ಉತ್ತರಕ್ರಿಯೆಯ ದಿನ ಯಶ್ಮಿತಾ ಬಸ್ಸಿನಲ್ಲಿ ಬಂದಳು. ಊಟವಾದ ಮೇಲೆ ಪೂವಕ್ಕ ಅವಳನ್ನು ಹಿತ್ತಿಲಿಗೆ ಕರೆದಳು.

“ಆ ಇಪ್ಪತ್ತೆರಡು ದಿನ ನಾನು ಎತ್ತದಿದ್ರೆ?”

“ಸಾವಿಗೂ ಅದಕ್ಕೂ ಸಂಬಂಧ ಇಲ್ಲ ಅಕ್ಕ. ಅದನ್ನು ಮನಸ್ಸಿಗೆ ತಕ್ಕೊಳ್ಬೇಡಿ.”

“ಸಾವಿನದ್ದು ಕೇಳಿದ್ದಲ್ಲ. ಊಟದ್ದು ಕೇಳಿದ್ದು. ಬಾಯಿಗೆ ಮುಟ್ತಿತ್ತಾ?”

ಯಶ್ಮಿತಾ ನೆಲ ನೋಡಿದಳು. “ಮುಟ್ತಿತ್ತೋ ಏನೋ. ಇಲ್ಲ ಅಂತ ನನಗೆ ಹೇಳ್ಲಿಕ್ಕೆ ಆಗುದಿಲ್ಲ.”

“ಆಯ್ತು,” ಎಂದಳು ಪೂವಕ್ಕ. ಸುಳ್ಳು ಹೇಳಲಿಲ್ಲವಲ್ಲ ಎಂದು ಅವಳ ಮೇಲೆ ಗೌರವ ಬಂತು. ಬಸ್ಸಿನಲ್ಲಿ ತಿನ್ನಲು ಬಾಳೆಹಣ್ಣು ಕಟ್ಟಿಕೊಟ್ಟಳು. ಹೋಗುವ ಮೊದಲು ಯಶ್ಮಿತಾ ಮೊಬೈಲಿನಿಂದ ಆ್ಯಪ್ ತೆಗೆದಳು.

ಸುಪ್ರಿತಾಳ ಮದುವೆ ನಡೆಯಿತು. ಪೂವಕ್ಕ ಹೋಗಲಿಲ್ಲ. ಅನ್ನದ ಬುಟ್ಟಿ ಬೇರೆ ಯಾರೋ ಹಿಡಿದರಂತೆ. ಕಡೆಯ ಪಂಕ್ತಿಗೆ ಅನ್ನ ಸಾಲಲಿಲ್ಲವಂತೆ.

ಈಗ ಬೆಳಗ್ಗೆ ಎದ್ದು ಅವಳು ಚಾವಡಿ ಗುಡಿಸುತ್ತಾಳೆ, ಒರೆಸುತ್ತಾಳೆ. ನೆಲ ಆರುವ ತನಕ ಕಾಯುತ್ತಾಳೆ. ಎಲೆಡಬ್ಬಿಯಿಂದ ಬೆರಳಿಗೆ ಸುಣ್ಣ ತೆಗೆದು ಕುರ್ಚಿಯ ನಾಲ್ಕು ಗುರುತು ಹಾಕುತ್ತಾಳೆ. ಬಾಗಿಲ ಹತ್ತಿರ ಐದನೆಯದು. ಬೆರಳನ್ನು ಕಂಬಕ್ಕೆ ಒರೆಸಿ ದನಕ್ಕೆ ಹುಲ್ಲು ಹಾಕಲು ಹೋಗುತ್ತಾಳೆ.