ತಾಮ್ರದ ತಂಬಿಗೆಯ ಹೊಟ್ಟೆಯ ಮೇಲೆ

ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಗ್ಯಾಲರಿಯಲ್ಲಿ ನಾನೇ ಜೋಡಿಸಿದ ಕೆತ್ತನೆ ಯಂತ್ರ ಸಪಾಟು ತಗಡಿನ ಮೇಲೆ ಚೆನ್ನಾಗಿಯೇ ಬರೆಯುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ನೆಮ್ಮದಿಯಾಗಿರುತ್ತಿದ್ದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಂತೆ ದುಂಡನೆಯ ಪಾತ್ರೆಗಳ ಹಿಂದೆ ಬಿದ್ದೆ. ಕೆತ್ತುವ ಮೊನೆಯನ್ನು ಉದ್ದಕ್ಕೆ ಸರಿಸುವ ಮೋಟಾರಿನ ಬೆಲ್ಟು ಕಳಚಿ, ಪಾತ್ರೆ ಹಿಡಿದು ತಿರುಗಿಸುವ ಚಕ್ರಕ್ಕೆ ಕಟ್ಟಿದೆ. ಈಗ ಮೊನೆ ಸರಿಯುವ ಬದಲು ಪಾತ್ರೆ ಸುತ್ತಬೇಕು. ಒಂದು ಮಿಲಿಮೀಟರ್ ಬರಹಕ್ಕೆ ಎಷ್ಟು ಸುತ್ತಬೇಕೆಂಬುದನ್ನು ಅದರ ಸುತ್ತಳತೆಯಿಂದ ತೆಗೆಯಬೇಕು.

ಮೊದಲ ಬಲಿ ಒಂದು ಸ್ಟೀಲ್ ಲೋಟ. ಅಗಲ ಬಾಯಿಯ ಅಳತೆ ಕೊಟ್ಟು ಕಿರಿದಾದ ತಳದ ಹತ್ತಿರ ಕೆತ್ತಿದೆ. ಅಕ್ಷರಗಳು ಲೋಕಲ್ ರೈಲಿನ ಜನರ ಹಾಗೆ ಒತ್ತಿಕೊಂಡು ನಿಂತವು. ಎಲ್ಲಿ ಕೆತ್ತುತ್ತೇವೋ ಅಲ್ಲಿನ ಸುತ್ತಳತೆಯೇ ಬೇಕು ಎಂದು ಆಗ ಗೊತ್ತಾಯಿತು.

ಇದನ್ನು ನೋಡಿಯೂ ಅವ್ವ ತನ್ನ ತವರಿನ ತಾಮ್ರದ ತಂಬಿಗೆ ತಂದು ಮುಂದಿಟ್ಟಳು. ಭಾನುವಾರ ಘೋಡಬಂದರ್ ರಸ್ತೆಯಲ್ಲಿ ನನ್ನ ತಂಗಿಯ ಗೃಹಪ್ರವೇಶ. ಅಡುಗೆಗೆ ಎಲ್ಲರ ಮನೆಯ ಪಾತ್ರೆಗಳೂ ಸೇರುತ್ತವೆ, ಹೆಸರಿಲ್ಲದ್ದು ವಾಪಸು ಬರುವ ಖಾತ್ರಿಯಿಲ್ಲ. ಉಳಿದ ಪಾತ್ರೆಗಳ ಮೇಲೆಲ್ಲ ಅಪ್ಪನ ಹೆಸರಿದೆ. ಇದರ ಮೇಲೆ ತನ್ನದು ಬೇಕಂತೆ. ಕೆಟ್ಟರೆ ಇಂಥದು ಇನ್ನೊಂದಿಲ್ಲ.

ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತಂಬಿಗೆಯ ಹೊಟ್ಟೆಗೆ ದಾರ ಸುತ್ತಿ ಅಳೆದೆ. ಆಫೀಸಿನಿಂದ ಬಂದು, ನಂಬಿಕೆ ಸಾಲದೆ, ಮತ್ತೆ ಅಳೆದೆ. ಮೇಲೆ ಕಾಗದ ಸುತ್ತಿ, ಮೊನೆಯ ಜಾಗದಲ್ಲಿ ಪೆನ್ನು ಕಟ್ಟಿ ಬರೆಸಿದೆ. ಅಕ್ಷರ ಸರಿ ಬಂತು, ಹೆದರಿಕೆ ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ತಂಬಿಗೆಯನ್ನು ಬಿಗಿದು, ಲ್ಯಾಪ್‌ಟಾಪಿನಲ್ಲಿ ಹೆಸರು ತೋರಿಸಿದೆ. ಅವ್ವ ಚಾಳೀಸು ಮೂಗಿಗೇರಿಸಿ ನೋಡಿ, ಇದಲ್ಲ ಎಂದಳು. ರೇಷನ್ ಕಾರ್ಡಿನಲ್ಲಿರುವುದೇ ಇದೆಯಲ್ಲ ಎಂದು ಸಿಡುಕಿದೆ.

“ಅದು ಮದುವ್ಯಾಗ ನಿಮ್ಮಪ್ಪ ಅಕ್ಕಿ ಮ್ಯಾಲ ಬರದ ಹೆಸರು. ಇದು ನಾ ತವರಿಂದ ತಂದ ತಂಬಗಿ. ಇದರ ಮ್ಯಾಲ ಮದಲಿಂದು ಹಾಕು.”

ವಿಜಯಪುರದ ಕಡೆ ನಮ್ಮಲ್ಲಿ ವರ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದದ್ದೇ ವಧುವಿನ ಹೊಸ ಹೆಸರು. ಪದ್ಧತಿ ನನಗೆ ಗೊತ್ತಿತ್ತು. ಅವ್ವನಿಗೂ ಒಂದು ಹಳೆಯ ಹೆಸರಿದ್ದೀತು ಎಂಬುದು ಮಾತ್ರ ತಲೆಗೇ ಬಂದಿರಲಿಲ್ಲ. ಕೇಳಿದೆ. ಹೇಳಿ ಅಡುಗೆಮನೆಗೆ ಹೋದಳು.

ಅದನ್ನೇ ಟೈಪ್ ಮಾಡಿ ಯಂತ್ರ ಶುರು ಮಾಡಿದೆ. ತಂಬಿಗೆ ಮೆಲ್ಲಗೆ ಸುತ್ತಿತು, ಒಂದಕ್ಷರವೂ ಸೊಟ್ಟಗಾಗಲಿಲ್ಲ. ಸದ್ದಿಗೆ ಅಪ್ಪ ಪೇಪರು ಬಿಟ್ಟು ಬಂದು, ಬಗ್ಗಿ, ಆ ಹೆಸರನ್ನು ಗಟ್ಟಿಯಾಗಿ ಓದಿದ.

“ಬಂದೆ,” ಎಂದಳು ಅವ್ವ ಒಳಗಿನಿಂದ.