ದೀಪ ಹಚ್ಚಿದ ಮೇಲೆ ಲೆಂಡ್ ಇಲ್ಲ

ನಾನು ಚಿಕ್ಕವಳಿದ್ದಾಗ ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಇಂಗ್ಲಿಷ್ ಪಾಠ ನಡೆಯುತ್ತಿದ್ದದ್ದು ಅಡುಗೆಮನೆಯಲ್ಲಿ. ಕಲಿಸುತ್ತಿದ್ದವಳು ಅಕ್ಕ. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿ ಮನೆಯಲ್ಲಿದ್ದಳು. ಅಪ್ಪ ಅವಳಿಗೆ ಒಂದು ಮಾತು ಹೇಳಿಬಿಟ್ಟಿದ್ದರು: “ಇವ್ಳಿಗೆ ಯಲಹಂಕದ ಇಂಗ್ಲಿಷ್ ಸ್ಕೂಲಲ್ಲಿ ಸೀಟ್ ಸಿಕ್ಕಿದ್ರೆ ನೀನೂ ಇನ್ನೊಂದ್ಸಲ ಪರೀಕ್ಷೆ ಕಟ್ಟೀವಂತೆ. ಇಲ್ದಿದ್ರೆ ಸುಮ್ನೆ ಮನೇಲಿರು.”

ಅಕ್ಕ ಪಟ್ಟು ಹಿಡಿದು ಕೂತಳು. ನನಗೆ ಇಂಗ್ಲಿಷಿನ ‘ಬಾರೋ’, ‘ಲೆಂಡ್’ ಎರಡೂ ಒಂದೇ ಅನ್ನಿಸುತ್ತಿತ್ತು. ನಮ್ಮ ಮನೆಯಲ್ಲಿ ತಂದರೂ ಕಡ, ಕೊಟ್ಟರೂ ಕಡ. ಅವಳು ನನ್ನ ಕೈಗೆ ಸ್ಟೀಲ್ ಲೋಟ ಕೊಟ್ಟು ಪಕ್ಕದ ಮನೆಗೆ ಅಟ್ಟಿದಳು. ತಣ್ಣನೆಯ ಗಟ್ಟಿ ಮೊಸರು ತಂದೆ. ಇದು ಬಾರೋ ಅಂದಳು. ಇನ್ನೊಂದು ದಿನ ಪಕ್ಕದ ಮನೆಯವರೇ ಉಪ್ಪಿಗೆ ಬಂದಾಗ ನನ್ನ ಕೈಯಿಂದಲೇ ಕೊಡಿಸಿ, ಇದು ಲೆಂಡ್ ಅಂದಳು. ದೀಪ ಹಚ್ಚಿದ ಮೇಲೆ ಮಾತ್ರ ಮೊಸರು, ಉಪ್ಪು ಮನೆಯಾಚೆ ಹೋಗಬಾರದು ಅಂತಲೂ ಹೇಳಿದಳು. ಕೆಲವೇ ದಿನಗಳಲ್ಲಿ ನನ್ನ ಬೆರಳಿಗೆಲ್ಲ ಹುಳಿ ಮೊಸರಿನ ವಾಸನೆ ಹತ್ತಿತು, ಇಂಗ್ಲಿಷೂ ತಲೆಗೆ ಹತ್ತಿತು.

ಸೀಟಿನ ಇಂಟರ್ವ್ಯೂ ದಿನ ಸ್ಕೂಲಿನಲ್ಲಿ ನಮ್ಮ ಸರದಿ ಬರುವ ಹೊತ್ತಿಗೆ ಸಂಜೆಯಾಗಿತ್ತು. ಆಯಾ ಬಂದು ದೇವರ ಪಟದ ಮುಂದೆ ದೀಪ ಹಚ್ಚಿ, ಊದುಬತ್ತಿ ಸಿಕ್ಕಿಸಿ ಹೋದಳು. ಮಿಸ್ ಇಂಗ್ಲಿಷಿನಲ್ಲಿ, ನಿನ್ನ ಪೆನ್ಸಿಲ್ ನನಗೆ ಲೆಂಡ್ ಮಾಡುತ್ತೀಯಾ ಎಂದು ಕೇಳಿದರು. ನಾನು ಪೆನ್ಸಿಲನ್ನು ಎದೆಗೆ ಅವುಚಿಕೊಂಡೆ.

“ನೋ ಮಿಸ್. ದೀಪ ಹಚ್ಬಿಟ್ರಲ್ಲ. ನಾಳೆ ಬೆಳಗ್ಗೆ ಲೆಂಡ್ ಮಾಡ್ತೀನಿ.”

ಅಪ್ಪನ ಮುಖ ಇಳಿದುಹೋಯಿತು. ಬಾಗಿಲ ಬಳಿ ನಿಂತಿದ್ದ ಅಕ್ಕ ದಾವಣಿಯ ಅಂಚು ಕಚ್ಚಿಕೊಂಡಳು. ಅವಳ ಪರೀಕ್ಷೆ ನನ್ನ ಬಾಯಲ್ಲಿತ್ತು. ನನಗೆ ಮಾತ್ರ ಒಂದಿಷ್ಟೂ ಹೆದರಿಕೆ ಇರಲಿಲ್ಲ, ಸರಿಯಾಗಿಯೇ ಹೇಳಿದ್ದೆನಲ್ಲ. ಮಿಸ್ ನಗಲಿಲ್ಲ. ಹಾಗಾದರೆ ನನ್ನ ಪೆನ್ಸಿಲ್ ನೀನು ತಗೊಂಡರೆ ಅದಕ್ಕೇನಂತಾರೆ ಅಂದರು.

“ಅದು ಬಾರೋ ಮಿಸ್. ಆದ್ರೆ ಈಗ ನೀವೂ ಕೊಡ್ಬಾರ್ದು.”

ಆಮೇಲೆ ಅವರು ನಕ್ಕ ನಗು ಸ್ಕೂಲಿನ ಗೇಟಿನವರೆಗೂ ಕೇಳಿಸಿರಬೇಕು. ಇದನ್ನೆಲ್ಲ ಯಾರು ಕಲಿಸಿದ್ದು ಅಂತ ಕೇಳಿದರು. ನಾನು ಬಾಗಿಲ ಕಡೆ ಕೈ ತೋರಿಸಿದೆ. ಸೀಟು ಸಿಕ್ಕಿತು. ಅಪ್ಪ ಆಡಿದ ಮಾತಿಗೆ ತಪ್ಪುವವರಲ್ಲ, ಅಕ್ಕ ಮತ್ತೆ ಪರೀಕ್ಷೆಗೆ ಕೂತಳು.

ಈಗ ನಿಮಗೆ ಮೊಸರಿನ ಪ್ಯಾಕೆಟ್ ಬಾಗಿಲಿಗೇ ಬರುತ್ತದೆ, ದೀಪ ಹಚ್ಚಿದ ಮೇಲೂ. ಯಾವ ಪದ ಎಲ್ಲಿ ಹಾಕಬೇಕು ಅಂತ ಫೋನೇ ಹೇಳಿಕೊಡುತ್ತದೆ. ಹೇಳಲಿ ಬಿಡಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಮಕ್ಕಳೇ, ನಿಮಗೆ ಕಲಿಸಿ ಆ ಫೋನಿಗೆ ಆಗಬೇಕಾದ್ದು ಏನೂ ಇಲ್ಲ. ನನಗೆ ಕಲಿಸಿ ನಮ್ಮ ಅಕ್ಕ ಪಾಸಾದಳು.