ಗೋಡೆಗೆ ಬೆನ್ನು ಕೊಡುತ್ತಿದ್ದ ಕೆಂಪವ್ವ

ಕೆಂಪವ್ವ ಗೋಡೆಯನ್ನು ಬೆನ್ನಿನಿಂದ ನೋಡುತ್ತಿದ್ದರು. ಯಾವ ಹಳೇ ಮನೆಗೆ ಹೋದರೂ ಮೊದಲು ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಬಿಗಿದು, ಹಿಮ್ಮಡಿ, ಬೆನ್ನು, ತಲೆ ಮೂರನ್ನೂ ಗೋಡೆಗೆ ತಾಗಿಸಿ, ಎತ್ತರ ಅಳೆಸಿಕೊಳ್ಳಲು ನಿಂತ ಶಾಲೆಯ ಹುಡುಗಿಯಂತೆ ನಿಲ್ಲುತ್ತಿದ್ದರು. ಕಣ್ಣು ಮುಚ್ಚಿರುತ್ತಿತ್ತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಹಾಗೆಯೇ. ಗೋಡೆ ನೆಟ್ಟಗಿದ್ದರೆ ಮಾತಿಲ್ಲದೆ ಮುಂದಕ್ಕೆ ಹೋಗುವರು. ಎಲ್ಲಾದರೂ ಉಬ್ಬಿದ್ದರೆ, “ಇದುಕ್ಕೆ ಒಟ್ಟೆ ಬಂದದೆ” ಎನ್ನುವರು. ಆ ಮಾತು ಸುಳ್ಳಾದದ್ದನ್ನು ನಾನು ಕಾಣಲಿಲ್ಲ.

ಅವರ ಪರಿಚಯವಾದದ್ದು ಶ್ರೀರಂಗಪಟ್ಟಣದಲ್ಲಿ, ಆರು ವಾರದ ಒಂದು ತರಬೇತಿಯಲ್ಲಿ. ನಾನು ಬಿಂಡಿಗನವಿಲೆಯವಳು. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ, ಆರ್ಕಿಟೆಕ್ಚರಿನ ಒಂದು ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕಿದ್ದೆ. ಬೇರೆ ವಿಷಯ ಓದಿ ಬಂದ ನಮ್ಮಂಥವರು ಮೊದಲು ಈ ತರಬೇತಿ ಪಾಸಾದರೆ ಮಾತ್ರ ಸೀಟು. ಕೋಟೆಯ ಮಗ್ಗುಲಿನ ಹಳೇ ಮನೆಯೊಂದರಲ್ಲಿ ನಾವು ಹನ್ನೆರಡು ಜನ. ಬೆಳಿಗ್ಗೆ ಮೇಷ್ಟ್ರು ಅಳತೆ ಮತ್ತು ನಕ್ಷೆ ಕಲಿಸುವರು. ಮಧ್ಯಾಹ್ನ ಸುಣ್ಣದ ಗಾರೆ ಕಲಿಸಲು ಪಾಲಹಳ್ಳಿಯಿಂದ ಕೆಂಪವ್ವ ಬರುವರು. ಅರವತ್ತು ದಾಟಿದ ಹೆಂಗಸು. ಅರ್ಧ ಆಯಸ್ಸು ಬೇರೆಯವರಿಗೆ ಗಾರೆ ಹೊತ್ತು, ಆಮೇಲೆ ತಾವೇ ಕರಣೆ ಹಿಡಿದವರು. ಓದು ಬರಹ ಬಾರದು.

ಮೊದಲ ದಿನ ಅವರು ಗಾರೆ ಮುಟ್ಟಿಸಲೇ ಇಲ್ಲ. ನಮ್ಮನ್ನು ಸುತ್ತ ಕೂರಿಸಿಕೊಂಡು ಒಬ್ಬೊಬ್ಬರನ್ನೇ ಕೇಳಿದರು: “ನಿಮ್ಮನೆ ಒಸ್ಲು ಯಾವ ಕಡೆ ಸವ್ದದೆ, ಬಲಕ್ಕೋ ಎಡಕ್ಕೋ?” ಇಪ್ಪತ್ತೆರಡು ವರ್ಷ ದಾಟಿದ ಹೊಸಿಲು ನನಗೆ ನೆನಪಾಗಲಿಲ್ಲ. ಯಾರಿಗೂ ಆಗಲಿಲ್ಲ. “ಸರಿ ಬುಡಿ, ನಾಳೆ ಓಗಿ ನೋಡ್ಕಬನ್ನಿ” ಎಂದು ಎದ್ದುಬಿಟ್ಟರು. ಊರು ದೂರವಿದ್ದ ನಾನು ಅಮ್ಮನಿಗೆ ಫೋನು ಮಾಡಿದೆ. “ಇದ ಕಲೀಯಕ್ಕೆ ಅಷ್ಟು ದೂರ ಓದ್ಯಾ?” ಎಂದು ಅಮ್ಮ ನಕ್ಕಳು.

ನಾಲ್ಕನೇ ವಾರ ನಮಗೆ ಒಂದೊಂದು ಹಳೇ ಮನೆ ಕೊಟ್ಟು ಪೂರ್ತಿ ಅಳೆದು ನಕ್ಷೆ ಬರೆಯಲು ಹೇಳಿದರು. ಪಾಸು ಫೇಲು ನಿಂತದ್ದು ಅದರ ಮೇಲೆ. ನನಗೆ ಸಿಕ್ಕಿದ್ದು ಪಾಂಡವಪುರದ ಒಂದು ಮಣ್ಣುಗೋಡೆಯ ಮನೆ. ಮನೆಯೊಡತಿ ಜಯಮ್ಮ ಕಾಫಿ ಕೊಟ್ಟು ಎಲ್ಲ ತೋರಿಸಿದರು. ಹಿಂದಿನ ಒಂದು ಕೋಣೆ ಮಾತ್ರ ಬೇಡ ಎಂದರು. “ಮಗ್ಳು ಬಾಣಂತಿ ಕಣವ್ವ, ಕೂಸು ಮಲ್ಗದೆ. ಇನ್ನೊಂದಿನ ಬಾ.” ಇನ್ನೊಂದು ದಿನ ನಾನು ಹೋಗಲಿಲ್ಲ. ಹೊರಗಿನ ಅಳತೆಯಲ್ಲಿ ಮಿಕ್ಕ ಕೋಣೆಗಳನ್ನು ಕಳೆದೆ, ಗೋಡೆ ಎಲ್ಲ ಕಡೆಯಂತೆ ಒಂದೂವರೆ ಅಡಿ ಎಂದುಕೊಂಡೆ, ಉಳಿದ ಜಾಗಕ್ಕೆ ಕೋಣೆ ಬರೆದೆ. ಲೆಕ್ಕ ಸರಿಯಾಗಿ ಕೂತಿತು. ಮೇಷ್ಟ್ರು ನನ್ನ ಹಾಳೆಯನ್ನು ಎಲ್ಲರಿಗೂ ಎತ್ತಿ ತೋರಿಸಿ, “ಹೀಗಿರಬೇಕು” ಎಂದರು. ಜಯಮ್ಮನ ಮನೆಯವರು ಮೇಲೊಂದು ಮಹಡಿ ಎತ್ತಿಸಬೇಕೆಂದಿದ್ದರು. ಅವರ ಮೇಸ್ತ್ರಿಗೆ ಅನುಕೂಲವಾಗಲಿ, ಒಂದು ಪ್ರತಿ ಕೊಟ್ಟುಬಿಡು ಎಂದೂ ಮೇಷ್ಟ್ರು ಹೇಳಿದರು.

ಅಂದು ಮಧ್ಯಾಹ್ನ ಕೆಂಪವ್ವ ಗೋಡೆಗೆ ಅಂಟಿಸಿದ್ದ ನಕ್ಷೆಗಳನ್ನು ನೋಡುತ್ತ ಬಂದು ನನ್ನದರ ಮುಂದೆ ನಿಂತರು. ಯಾವ ಗೆರೆ ಏನು ಎಂದು ಕೇಳಿಕೊಂಡರು. ದೀಪದ ಗೂಡುಗಳನ್ನು ನಾನು ಪುಟ್ಟ ಚೌಕಗಳಾಗಿ ಗುರುತಿಸಿದ್ದೆ. ಅವುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಕೊನೆಗೆ ಹಿಂದಿನ ಕೋಣೆಗೆ ಬಂದರು.

“ಇಲ್ಲಿ ಗೂಡೆಲ್ಲಮ್ಮಿ?”

“ಇಲ್ಲಿ ಇಲ್ಲ, ಕೆಂಪವ್ವ.”

“ಎಲ್ಲಾ ಕೋಣೇಲೂ ಗೂಡು ಮಡಗಿ ಇದೊಂದ ಕತ್ಲಾಗೆ ಬುಟ್ಬುಟ್ರಾ? ಒಳೀಕೆ ಓಗಿದ್ಯಾ ನೀನು?”

“ಹೂಂ” ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, “ನಾಳೆ ಬೆಳಗ್ಗೆ ಬಸ್ಟ್ಯಾಂಡ್‌ತಾವ ಬಾ. ಇಬ್ರೂ ಓಗ್ಬುಟ್ಟು ಬರಾನ” ಎಂದರು.

ಮರುದಿನ ಬಸ್ಸಿನಲ್ಲಿ ಪಾಂಡವಪುರಕ್ಕೆ ಹೋದೆವು. ಜಯಮ್ಮ ಕೆಂಪವ್ವನ ವಯಸ್ಸು ನೋಡಿಯೋ ಏನೋ ಕೋಣೆಯ ಬಾಗಿಲು ತೆಗೆದರು. ಬಾಣಂತಿ ಎದ್ದು ಕೂತಳು. ಗೋಡೆಯ ಪಕ್ಕದಲ್ಲೇ ತೊಟ್ಟಿಲು. ಆ ಗೋಡೆಯನ್ನು ಯಾವ ಕಾಲದಲ್ಲೋ ಪಾತ್ರೆ ಪಗಡೆ ಇಡಲೆಂದು ನೆಲದಿಂದ ಎದೆಯೆತ್ತರಕ್ಕೆ ಕೆತ್ತಿ ಬಿಟ್ಟಿದ್ದರು. ಮುಂದೆ ಇಳಿಬಿಟ್ಟಿದ್ದ ಪರದೆಯನ್ನು ಕೆಂಪವ್ವ ಸರಿಸಿದರು. ನಾನು ಒಂದೂವರೆ ಅಡಿ ಎಂದು ಬರೆದ ಗೋಡೆ ಅಲ್ಲಿ ಅರ್ಧ ಅಡಿಯೂ ಇರಲಿಲ್ಲ. ಕೆಂಪವ್ವ ಅದರ ಪಕ್ಕಕ್ಕೆ ಹೋಗಿ ಬೆನ್ನು ಕೊಟ್ಟು ನಿಂತರು. ತಲೆ ಗೋಡೆಗೆ ತಾಗಲೇ ಇಲ್ಲ.

“ತೊಟ್ಲ ಮೊದ್ಲು ಈಚೀಕೆ ತಗೀರವ್ವ” ಎಂದರು. “ಕೂಸ ಎತ್ಕೊಂಡು ನೀವೂ ನಡೂಮನೇಗೆ ಬನ್ನಿ. ಮ್ಯಾಲೆ ಮಹಡಿ ಎತ್ತೋದಿರ್ಲಿ, ಇದು ಮೇಲಿರೋ ಎಂಚ್ನೇ ತಡ್ಯಾಕಿಲ್ಲ.”

ಎಂಟು ದಿನ ಬಿಟ್ಟು ಮೇಸ್ತ್ರಿ ಆ ಭಾಗದ ಹೆಂಚು ಇಳಿಸಿ, ಬಿದಿರ ಗಳುವಿನಿಂದ ಒಮ್ಮೆ ನೂಕಿದಾಗ ಗೋಡೆ ಒಟ್ಟಿಗೇ ಕುಸಿಯಿತು. ನಾನೂ ಅಲ್ಲಿದ್ದೆ. ಧೂಳು ಅಡಗಿದ ಮೇಲೆ ಜಯಮ್ಮ ನನ್ನ ಕೈ ಹಿಡಿದು, “ದೇವ್ರಂಗೆ ಬಂದ್ರಿ” ಎಂದು ಅತ್ತರು. ಆ ಕೈ ಬಿಡಿಸಿಕೊಳ್ಳಲು ಆಗದೆ, ಹಿಡಿದುಕೊಳ್ಳಲೂ ಆಗದೆ ನಿಂತಿದ್ದೆ.

ಆದರೆ ಅದಕ್ಕೆ ಮುಂಚೆ, ಕೋಣೆ ನೋಡಿದ ದಿನವೇ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಾಗ ನಾನು ಕೇಳಿದ್ದೆ: “ಮೇಷ್ಟ್ರಿಗೆ ಹೇಳ್ತೀರಾ, ಕೆಂಪವ್ವ?”

“ನಾನ್ಯಾಕೇಳ್ಲಿ? ಬರ್ದೋಳು ನೀನು.”

ಆಮೇಲೆ ಅವರೇ ಮಾತು ತೆಗೆದರು. ಹಿಂದೊಮ್ಮೆ ನಾಗಮಂಗಲದ ಕಡೆ ಒಂದು ಮನೆಯ ರಿಪೇರಿಗೆ ಅವರು ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗಿದ್ದರಂತೆ. ಊಟದ ಹೊತ್ತಿನಲ್ಲಿ ಕೆಂಪವ್ವ ಹಳೇ ಗೋಡೆಗೆ ಒರಗಿ ಕೂತಿದ್ದರು. “ಬೆನ್ಗೆ ಗೊತ್ತಾಯ್ತು ಕಣಮ್ಮಿ, ಇದು ಸರಿಯಿಲ್ಲ ಅಂತ. ಮೇಸ್ತ್ರಿಗೆ ಏಳಾನ ಅನ್ಕೊಂಡೆ. ಗಾರೆ ಹೊರೋಳ್ ಮಾತ ಯಾರು ಕೇಳಾರು ಅಂತ ಸುಮ್ಕಾದೆ. ಉಂಡ್ಬುಟ್ಟು ಎದ್ದೋದೆ. ಸಂಜೀಕೆ ನಮ್ಮೆಜಮಾನ್ರ ಮ್ಯಾಲೆ ಬಿತ್ತು.”

ಬಸ್ಸು ಬಂತು. ಹತ್ತುವಾಗ ಹಿಂದಿರುಗಿ, “ಅವತ್ತು ನಂಗೆ ಗೊತ್ತಿತ್ತು. ನಾನು ಬಾಯಿ ಬುಡ್ನಿಲ್ಲ” ಎಂದು ಇನ್ನೊಮ್ಮೆ ಹೇಳಿದರು, ನನಗಲ್ಲ ಎಂಬಂತೆ.

ಮರುದಿನ ಮೇಷ್ಟ್ರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಗೆರೆ ತಿದ್ದಬಹುದು ತಾಯಿ. ಈ ವರ್ಷ ನಿನ್ನ ಹಾಳೆಗೆ ನಾನು ಸಹಿ ಹಾಕಲಾರೆ” ಎಂದರು. ಸೀಟು ಹೋಯಿತು. ಊರಿನಲ್ಲಿ ಅಪ್ಪ, “ಓಗ್ಲಿ ಬುಡು, ಬಿ.ಎಡ್. ಮಾಡು” ಎಂದು ಅಷ್ಟಕ್ಕೇ ಬಿಟ್ಟರು. ನಾನು ಬಿ.ಎಡ್.ಗೆ ಅರ್ಜಿ ತಂದೆ, ತುಂಬಲಿಲ್ಲ. ಕೆ.ಆರ್. ಪೇಟೆಯ ಒಂದು ಮನೆಗೆ ಸುಣ್ಣದ ಗಾರೆ ಹೊಡೆಯಲು ಕೆಂಪವ್ವ ಬಂದಿದ್ದಾರೆಂದು ತಿಳಿದು ಅಲ್ಲಿಗೆ ಹೋದೆ.

“ಬಂದ್ಯಾ?” ಎಂದರು. “ಜರಡಿ ತಕ್ಕೊ.”

ಅವರ ಜೊತೆ ಏಳು ತಿಂಗಳು ಮರಳು ಜರಡಿ ಹಿಡಿದೆ, ಸುಣ್ಣ ಕಲಸಿದೆ. ಅಂಗೈ ಬಿರಿದು ರಾತ್ರಿ ಊಟಕ್ಕೆ ಚಮಚ ಬೇಕಾಗುತ್ತಿತ್ತು. ನನ್ನ ತಪ್ಪನ್ನು ಅವರು ಒಮ್ಮೆಯೂ ಎತ್ತಿ ಆಡಲಿಲ್ಲ. ಮಾಡಿದ ಕೆಲಸವನ್ನು ಹೊಗಳಲೂ ಇಲ್ಲ. ಚೆನ್ನಾಗಿದ್ದರೆ, “ಊಂ, ಮುಂದುಕ್ ನಡಿ” ಎನ್ನುವರು. ಮರುವರ್ಷ ಅದೇ ತರಬೇತಿಗೆ ಮತ್ತೆ ಸೇರಿ ಪಾಸಾದೆ. ಕಾಲೇಜಿಗೆ ಹೊರಟೆ.

ಮೊದಲ ಸೆಮಿಸ್ಟರಿನ ರಜೆಯಲ್ಲಿ ಪಾಲಹಳ್ಳಿಗೆ ಹೋದಾಗ ಅವರು ಮಂಚ ಹಿಡಿದಿದ್ದರು. ಅಷ್ಟು ವರ್ಷದ ಸುಣ್ಣದ ಧೂಳು ಎದೆಯಲ್ಲಿ ಕೂತಿದೆ ಎಂದು ಡಾಕ್ಟರು ಹೇಳಿದ್ದರಂತೆ. ಎರಡೇ ಕೋಣೆಯ ಮನೆ. ಜೊತೆಗಿದ್ದವಳು ಮಗಳು ಮಂಜುಳ. ನನ್ನ ಚೀಲದಲ್ಲಿ ಟೇಪು ಇತ್ತು. ಏನು ಮಾತಾಡಬೇಕೋ ತಿಳಿಯದೆ, “ನಿಮ್ಮ ಮನೆ ಅಳೀಲಾ, ಕೆಂಪವ್ವ?” ಎಂದೆ.

“ಅಳಿ ಮತ್ತೆ” ಎಂದರು. ಮಲಗಿದಲ್ಲಿಂದಲೇ ಟೇಪಿನ ತುದಿ ಹಿಡಿದುಕೊಂಡರು. ಇನ್ನೊಂದು ತುದಿಯನ್ನು ನಾನು ಎಳೆದುಕೊಂಡು ಹೋದೆ. ಮೂಲೆ ಮೂಲೆಯನ್ನೂ ಬರೆದುಕೊಂಡೆ. ಹಿತ್ತಿಲ ಬಚ್ಚಲನ್ನು ಮರೆತಾಗ ಅವರೇ ಜ್ಞಾಪಿಸಿದರು. ಹೊರಡುವಾಗ, “ಚೆಂದಾಗಿ ಬರ್ದು ತತ್ತಾ, ನೋಡ್ತೀನಿ” ಎಂದರು.

ನೋಡಲಿಲ್ಲ. ಮಂಜುಳ ಫೋನು ಮಾಡಿದಾಗ ನಾನು ಪರೀಕ್ಷೆ ಬರೆದು ಹೊರಗೆ ಬಂದಿದ್ದೆ. ಹಿಂದಿನ ದಿನವೇ ಮಣ್ಣು ಮಾಡಿ ಆಗಿತ್ತು.

ತಿಥಿಗೆ ಹೋದಾಗ ನಕ್ಷೆಯನ್ನು ಸುತ್ತಿಕೊಂಡು ಹೋದೆ. ಬಂದವರೆಲ್ಲ ಉಂಡು ಹೋದ ಮೇಲೆ ಮಂಜುಳ ಅದನ್ನು ನೆಲದ ಮೇಲೆ ಬಿಚ್ಚಿ ಹಾಸಿ, ನಾಲ್ಕು ಮೂಲೆಗೂ ಲೋಟ ಇಟ್ಟಳು. ಬಾಗಿಲು, ಒಲೆ, ಬಚ್ಚಲು ಎಂದು ನಾನು ತೋರಿಸುತ್ತ ಹೋದೆ. ಮಂಚ ಇದ್ದ ಜಾಗದಲ್ಲಿ ನಾನೊಂದು ಉದ್ದ ಚೌಕ ಬರೆದಿದ್ದೆ.

“ಇದೇನಕ್ಕಾ?”

“ಅವ್ವ ಮಲಗ್ತಿದ್ದದ್ದು.”

ಆ ಮೂಲೆಯಲ್ಲಿ ಈಗ ಮಂಚ ಇರಲಿಲ್ಲ. ಮಂಜುಳ ಅತ್ತ ಒಮ್ಮೆ ನೋಡಿದಳು. ಮತ್ತೆ ಹಾಳೆಗೆ ಬಗ್ಗಿ, ಆ ಚೌಕದ ಮೇಲೆ ಅಂಗೈ ಊರಿಕೊಂಡು ಹಾಗೇ ಕೂತಳು.